ಹತ್ತು ಸೆಕೆಂಡಿನ ಮುಖ

ಚೆನ್ನೈ
8-2-1999

ಅಪ್ಪಾಜಿಗೆ ದ್ರಾಕ್ಷಾಯಣಿಯ ನಮಸ್ಕಾರಗಳು.

ಹಾಸ್ಟೆಲ್ಲಿನ ಸಾರು, ಸೊಳ್ಳೆ, ಪಕ್ಕದ ಮಂಚದವಳ ಗೊರಕೆ ಎಲ್ಲವನ್ನೂ ಅಮ್ಮನ ಕಾಗದದಲ್ಲಿ ಬರೆದಿದ್ದೇನೆ. ಇದು ಕಸುಬಿನ ಕಾಗದ.

ಸಿನಿಮಾಗೆ ಬಣ್ಣ ತಿದ್ದುವುದನ್ನು ಕಲಿಯಲು ಬಂದು ಮೂರು ವಾರವಾಯಿತು, ಇನ್ನೂ ಒಂದು ಬಣ್ಣವನ್ನೂ ಮುಟ್ಟಿಲ್ಲ. ಇಂದುಧರ ಸರ್ ಮುಟ್ಟಲು ಬಿಡುವುದಿಲ್ಲ. ಅವರು ನಮ್ಮ ಬಾಣಾವರದವರೇ, ಈ ಲ್ಯಾಬಿಗೆ ಬಂದು ಮೂವತ್ತು ವರ್ಷವಾಗಿದೆ. ಬೈಯುವಾಗ ಮಾತ್ರ ಊರಿನ ಕನ್ನಡ. "ಮೊದಲು ಕಪ್ಪು ಎಲ್ಲೈತೆ ನೋಡು, ಆಮೇಲೆ ಬಿಳಿ ಎಲ್ಲೈತೆ ನೋಡು. ಅವೆರಡೂ ಜಾಗದಲ್ಲಿ ಕೂತ್ಮೇಲೆ ಬಣ್ಣದ ಮಾತು" ಅನ್ನುತ್ತಾರೆ. ಕಣ್ಣನ್ನು ನಂಬಬೇಡ ಎನ್ನುವುದು ಇನ್ನೊಂದು ಪಾಠ. ಯಾವುದೇ ಬಣ್ಣವನ್ನು ಹತ್ತು ನಿಮಿಷ ನೋಡುತ್ತ ಕೂತರೆ ಕಣ್ಣು ಅದಕ್ಕೆ ಒಗ್ಗಿಹೋಗಿ, ಅದೇ ಸರಿ ಎನ್ನತೊಡಗುತ್ತದಂತೆ. ಅದಕ್ಕೇ ಗೋಡೆಯ ಮೇಲೆ ಒಂದು ಬೂದು ಹಲಗೆ ಇದೆ. ಆಗಾಗ ಅದನ್ನು ನೋಡಿ ಕಣ್ಣನ್ನು ದಾರಿಗೆ ತಂದುಕೊಳ್ಳಬೇಕು.

ಮೇಜಿನ ಮೇಲೆ ಒಂದು ದುಂಡನೆಯ ಪರದೆಯೂ ಇದೆ. ಚಿತ್ರದ ಬಣ್ಣವೆಲ್ಲ ಅದರಲ್ಲಿ ಹಸಿರು ಚುಕ್ಕೆಗಳಾಗಿ ಬೀಳುತ್ತದೆ. ಬಿಳಿ, ಬೂದು, ಕಪ್ಪು ನಟ್ಟನಡುವೆ ಕೂರುತ್ತವೆ. ಮನುಷ್ಯರ ಚರ್ಮಕ್ಕೆ ಒಂದು ಗೆರೆ ಇದೆ. ಆಶ್ಚರ್ಯವೆಂದರೆ ಕಪ್ಪಗಿದ್ದವರು, ಬೆಳ್ಳಗಿದ್ದವರು ಎಲ್ಲರೂ ಅದೊಂದೇ ಗೆರೆಯ ಆಸುಪಾಸಿನಲ್ಲಿ ಇರುತ್ತಾರೆ. ಮದುವೆ ವಿಡಿಯೋದಲ್ಲಿ ಮದುಮಗಳನ್ನು ಬೆಳ್ಳಗೆ ಮಾಡಿಕೊಡಿ ಎಂದು ನಿಮ್ಮ ಪ್ರಾಣ ತಿನ್ನುವವರಿಗೆ ಇದನ್ನೊಮ್ಮೆ ತೋರಿಸಬೇಕು.

ಇಲ್ಲಿ ಪ್ರತಿ ರೀಲಿನ ತಲೆಯಲ್ಲೂ ಒಬ್ಬ ಹೆಂಗಸಿನ ಮುಖ, ಅದರ ಪಕ್ಕ ಬೂದು ಹಲಗೆ. ಅವಳು ಸರಿ ಕಂಡರೆ ರೀಲೆಲ್ಲ ಸರಿ. "ನಮ್ಮಪ್ಪಾಜಿಯೂ ಹೀಗೇ ಸರ್, ನಮ್ಮಮ್ಮನ ಮುಖ ಇಟ್ಕೊಂಡೇ ಬಣ್ಣ ಹೊಂದಿಸೋದು" ಎಂದೆ. ಸರ್ ನಕ್ಕರು. "ಪಕ್ಕದಲ್ಲಿ ಹಲಗೆ ಇಟ್ಟವ್ರಾ?" ಎಂದರು. ಇಲ್ಲ ಎಂದೆ. ಅವರು ಮುಂದಿನ ರೀಲು ಹಾಕಿದರು.

ಅಭ್ಯಾಸಕ್ಕೆ ನಿಮ್ಮ ಒಂದೆರಡು ಕ್ಯಾಸೆಟ್ ಕಳಿಸಿಕೊಡಿ.

ನಿಮ್ಮ ಮಗಳು,
ದ್ರಾಕ್ಷಾಯಣಿ


ಅರಸೀಕೆರೆ
19-2-1999

ಮಗಳೇ, ಆಶೀರ್ವಾದ.

ಹಲಗೆ ಕಾಫಿ ಮಾಡಿಕೊಡುವುದಿಲ್ಲ, ಅದಕ್ಕೇ ಹೆಂಡತಿಯನ್ನು ಇಟ್ಟುಕೊಂಡಿದ್ದೇನೆ ಎಂದು ನಿಮ್ಮ ಬಾಣಾವರದ ಸರ್‌ಗೆ ಹೇಳು. ಆರು ವರ್ಷದ ಹಿಂದೆ ನಮ್ಮ ಅಂಗಡಿಗೆ ವಿಡಿಯೋದ ಬಣ್ಣ ತಿದ್ದುವ ಮಿಕ್ಸರ್ ಬಂದ ದಿನ ನಿಮ್ಮಮ್ಮನನ್ನು ಮನೆಯ ಹೊಸಿಲ ಪಕ್ಕ ಸುಣ್ಣದ ಗೋಡೆಗೆ ನಿಲ್ಲಿಸಿ ತೆಗೆದ ಹತ್ತು ಸೆಕೆಂಡು ಇನ್ನೂ ಬೀರುವಿನಲ್ಲಿದೆ. ಅಲ್ಲಿಂದೀಚೆಗೆ ಯಾವ ಮದುವೆಗೆ ಹೋಗಲಿ, ಹೊರಡುವ ಮುಂಚೆ ಅದೇ ಜಾಗದಲ್ಲಿ ಅವಳ ಹತ್ತು ಸೆಕೆಂಡು. ಆಮೇಲೆ ಎಡಗಡೆ ಟಿವಿಯಲ್ಲಿ ಹಳೇ ಶಿವಗಂಗಮ್ಮ, ಬಲಗಡೆ ಟಿವಿಯಲ್ಲಿ ಹೊಸ ಶಿವಗಂಗಮ್ಮ. ಇಬ್ಬರೂ ಒಂದೇ ಆಗುವ ತನಕ ಮಿಕ್ಸರಿನ ಬಣ್ಣದ ಹಿಡಿ ತಿರುಗಿಸುವುದು. ಆಮೇಲೆ ಅವಳನ್ನು ಕತ್ತರಿಸಿ ಹಾಕಿ ಉಳಿದ ಕ್ಯಾಸೆಟ್ಟಿಗೆ ಅದೇ ಲೆಕ್ಕ. ಇಷ್ಟು ವರ್ಷ ಯಾರೂ ಒಂದು ಮಾತು ಆಡಿರಲಿಲ್ಲ.

ಈಗ ಆಡುತ್ತಿದ್ದಾರೆ. ಬಾಣಾವರದ ಒಂದು ಮನೆಯವರು ಮದುವೆ ಕ್ಯಾಸೆಟ್ ವಾಪಸ್ ತಂದು, "ಏನ್ರೀ ಷಡಕ್ಷರಪ್ಪನೋರೆ, ನಮ್ ಹುಡುಗಿ ನೀರಲ್ಲಿ ಬಿದ್ದೋಳ್ ತರ ನೀಲಿಗ್ ಕಾಣ್ತವ್ಳೆ" ಅಂದರು. ನಿಮ್ಮ ಟಿವಿ ಸರಿಯಿಲ್ಲ ಎಂದು ಜೋರು ಮಾಡಿ ಕಳಿಸಿದೆ. ಹೋದ ವಾರ ಮಠದವರೂ ಬಂದರು. ಬೇಲೂರು, ಹಳೇಬೀಡಿನ ಮೇಲೆ ಅರ್ಧ ಗಂಟೆಯ ಚಿತ್ರ ಮಾಡಿಕೊಡಲು ಒಪ್ಪಿಕೊಂಡಿದ್ದೆನಲ್ಲ, ಅದು. ಹಳೇಬೀಡಿನ ಕಲ್ಲಿನ ಮೇಲೆ ಮಸಿ ಚೆಲ್ಲಿದ ಹಾಗಿದೆ ಎಂದರು. ಮಠದವರ ಟಿವಿ ಸರಿಯಿಲ್ಲ ಎನ್ನಲು ಬಾಯಿ ಬರಲಿಲ್ಲ.

ನಮ್ಮ ಸಿದ್ದಬಸಪ್ಪ ಚಿಕ್ಕಪ್ಪ ನಿನಗೆ ನೆನಪಿರಬೇಕು. ಐವತ್ತು ತುಂಬುವಷ್ಟರಲ್ಲಿ ಎರಡೂ ಕಣ್ಣು ಹೋದವು. ಮೊದಲು ಬಣ್ಣ ಹೋಯಿತು, ಆಮೇಲೆ ಎಲ್ಲವೂ ಹೋಯಿತು ಎನ್ನುತ್ತಿದ್ದರು. ನನಗೆ ಈಗ ನಲವತ್ತೊಂಬತ್ತು. ನನಗೆ ಹೆದರಿಕೆಯಾಗಿದೆ ದ್ರಾಕ್ಷಾಯಣಿ. ಎದುರಿಗೆ ಇದ್ದಿದ್ದರೆ ಹೇಳುತ್ತಿರಲಿಲ್ಲ, ಕಾಗದವಾದ್ದರಿಂದ ಬರೆದೆ. ನಾಲ್ಕು ಕ್ಯಾಸೆಟ್ ಕಳಿಸಿದ್ದೇನೆ, ನೋಡಿ ನಿಜ ಹೇಳು. ನಿಮ್ಮಮ್ಮನಿಗೆ ತಿಳಿಯುವುದು ಬೇಡ.

ಇಂತಿ,
ಷಡಕ್ಷರಪ್ಪ


ಚೆನ್ನೈ
4-3-1999

ಅಪ್ಪಾಜಿಗೆ ನಮಸ್ಕಾರಗಳು.

ನಿಜ ಹೇಳು ಎಂದಿದ್ದೀರಿ, ಹೇಳುತ್ತೇನೆ. ನಾಲ್ಕೂ ನೀಲಿ. ನವೆಂಬರಿನ ಕ್ಯಾಸೆಟ್ಟಿನಲ್ಲಿ ಸ್ವಲ್ಪ, ಡಿಸೆಂಬರಿನದರಲ್ಲಿ ಇನ್ನೊಂಚೂರು, ಫೆಬ್ರವರಿಯಲ್ಲಿ ಹಗರೆಯ ಮದುವೆಯ ಅನ್ನದ ರಾಶಿಯೂ ನೀಲಿ. ಹಳೇಬೀಡಿನ ಕಲ್ಲನ್ನು ಸರ್‌ಗೆ ತೋರಿಸಿದೆ. ಹುಡುಗನಾಗಿದ್ದಾಗ ಅದರ ಮೇಲೆ ಕೂತು ಬುತ್ತಿ ಬಿಚ್ಚಿದವರು ಅವರು. "ಎಂಟುನೂರು ವರ್ಷದ ಕಲ್ಲು ಬಣ್ಣ ಬದಲಾಯಿಸಲ್ಲ ಕಣಮ್ಮ, ತಪ್ಪು ಬೇರೆ ಎಲ್ಲೋ ಐತೆ" ಎಂದರು.

ಕಣ್ಣಿನೊಳಗಿನ ಮಸೂರ ಹಳದಿಯಾಗುತ್ತ ಬಂದರೆ ಎಲ್ಲವೂ ಹಳದಿ ಕಂಡು, ತಿದ್ದುವವರು ನೀಲಿ ಸುರಿಯುತ್ತ ಹೋಗುತ್ತಾರಂತೆ. ದಯವಿಟ್ಟು ಹಾಸನಕ್ಕೆ ಹೋಗಿ ಕಣ್ಣು ತೋರಿಸಿ. ಪೊರೆಯಾಗಿದ್ದರೆ ಈಗ ಸುಲಭವಾಗಿ ತೆಗೆಯುತ್ತಾರೆ.

ಇನ್ನೊಂದು ಸಣ್ಣ ಅನುಮಾನವೂ ಇದೆ. ಅಮ್ಮ ಈಚೆಗೆ ಸ್ನಾನವಾದ ಮೇಲೆ ಮುಖಕ್ಕೆ ಅರಿಶಿನ ಹಚ್ಚಿಕೊಂಡು, ತೊಳೆಯದೆ ಹಾಗೇ ಬಂದು ಕ್ಯಾಮೆರಾ ಮುಂದೆ ನಿಲ್ಲುತ್ತಾಳೋ ಏನೋ. ಹಾಗಾದರೂ ನೀವು ನೀಲಿ ಹೆಚ್ಚು ಮಾಡುತ್ತೀರಿ. ಅರಿಶಿನ ಹಚ್ಚಬೇಡ ಎಂದು ಹೇಳಿದ್ದೇನೆಂದು ಅವಳಿಗೆ ಹೇಳಿ. ಅಷ್ಟೇ ಆಗಿರಲಿ ಎಂದು ದೇವರಿಗೆ ಕೈ ಮುಗಿದಿದ್ದೇನೆ.

ದ್ರಾಕ್ಷಾಯಣಿ


ಅರಸೀಕೆರೆ
13-3-1999

ದ್ರಾಕ್ಷಾಯಣಿ,

ನಿಮ್ಮಪ್ಪನಿಗೆ ಗೊತ್ತಾಗದ ಹಾಗೆ ಬರೆಯುತ್ತಿದ್ದೇನೆ. ಪಕ್ಕದ ಮನೆ ಅನುಸೂಯಮ್ಮ ಡಬ್ಬಕ್ಕೆ ಹಾಕಿಬರುತ್ತಾಳೆ. ಅಪ್ಪ, ಮಗಳು ಸೇರಿ ನನ್ನಿಂದ ಏನೋ ಮುಚ್ಚಿಡುತ್ತಿದ್ದೀರಿ. ಹೋದ ಸೋಮವಾರ ಇವರು ಕಣ್ಣು ಮುಚ್ಚಿಕೊಂಡು ಅಂಗಳದಿಂದ ಬಚ್ಚಲಿಗೆ ಹೆಜ್ಜೆ ಎಣಿಸುತ್ತಿದ್ದರು. ಏನ್ರೀ ಇದು ಅಂದರೆ "ಬಚ್ಚಲು ಎಷ್ಟು ದೂರ ಐತೆ ಅಂತ ನೋಡ್ದೆ ಕಣೇ" ಅಂದರು. ಇಪ್ಪತ್ತೈದು ವರ್ಷದಿಂದ ಸ್ನಾನ ಮಾಡುತ್ತಿರುವ ಬಚ್ಚಲು! ಕಣ್ಣಿಗೆ ಏನಾಗಿದೆ ಹೇಳು. ಗಂಡಸರು ಹೆದರಿದರೆ ಊಟದಲ್ಲಿ ಉಪ್ಪಿಲ್ಲ ಎಂದು ಬೈಯುತ್ತಾರೆ, ಇವರು ದಿನಾ ಬೈಯುತ್ತಿದ್ದಾರೆ.

ಅರಿಶಿನ ಹಚ್ಚಬೇಡ ಎಂದು ನೀನು ಬರೆದಿದ್ದೀಯಂತೆ. ನಾನು ಹಚ್ಚುತ್ತಿದ್ದರೆ ತಾನೇ? ಅದನ್ನು ಬಿಟ್ಟು ನಾಲ್ಕು ತಿಂಗಳಾಯಿತು. ದೀಪಾವಳಿ ಆದ ಮೇಲೆ ಮೈಯೆಲ್ಲ ಒಂಥರಾ ಕೆರೆತ, ಅರಿಶಿನ ಒಗ್ಗುತ್ತಿಲ್ಲವೇನೋ ಎಂದು ನಿಲ್ಲಿಸಿದೆ. ಮುತ್ತೈದೆ ಅರಿಶಿನ ಬಿಟ್ಟಳು ಎಂದು ಯಾರಾದರೂ ಆಡಿಕೊಂಡಾರೆಂದು ಯಾರಿಗೂ ಹೇಳಿಲ್ಲ. ನೀನೂ ಹೇಳಬೇಡ. ಊಟ ಸೇರುವುದಿಲ್ಲ, ಬಿಸಿಲು ಶುರುವಾಯಿತಲ್ಲ, ಅದಕ್ಕೇ. ನನ್ನ ಮಾತು ಬಿಡು. ನಿಮ್ಮಪ್ಪನ ಕಣ್ಣಿನ ವಿಷಯ ಮರೆಮಾಚದೆ ಬರಿ.

ನಿನ್ನ ಅಮ್ಮ


ಅರಸೀಕೆರೆ
20-3-1999

ಮಗಳೇ,

ಹಾಸನಕ್ಕೆ ಹೋಗಿಬಂದೆ. ಕಣ್ಣಿಗೆ ಹನಿ ಹಾಕಿ, ದೀಪ ಬಿಟ್ಟು, ಬಣ್ಣದ ಚುಕ್ಕೆಗಳ ಪುಸ್ತಕ ಓದಿಸಿ ಡಾಕ್ಟರು ಬೆನ್ನು ತಟ್ಟಿದರು. "ಯಜಮಾನ್ರೇ, ನಿಮ್ಮ ಕಣ್ಣು ನನ್ನ ಕಣ್ಣಿಗಿಂತ ಚೆನ್ನಾಗಿದೆ" ಎಂದರು. ಹೋಟೆಲಿಗೆ ಹೋಗಿ ಎರಡು ಮಸಾಲೆ ದೋಸೆ ತಿಂದೆ. ಊರಿಗೆ ಬರುವ ಬಸ್ಸಿನಲ್ಲಿ ಮತ್ತೆ ಹೆದರಿಕೆ ಶುರುವಾಯಿತು. ಕಣ್ಣು ಸರಿಯಿದ್ದರೆ ಮತ್ತೇನು?

ಬೇರೆಯವರ ಕ್ಯಾಮೆರಾ ತಂದು ನೋಡಿದೆ. ಎರಡೂ ಟಿವಿಗಳನ್ನು ಅದಲು ಬದಲು ಮಾಡಿದೆ. ಹೊಸ ಕ್ಯಾಸೆಟ್ ಹಾಕಿದೆ. ಎಲ್ಲವೂ ಸರಿ ಇವೆ. ಆದರೆ ನಿಮ್ಮಮ್ಮನ ಮುಖ ಹಳೇ ಮುಖಕ್ಕೆ ಹೊಂದುವಷ್ಟರಲ್ಲಿ ಹಿಂದಿನ ಗೋಡೆ ನೀಲಿಯಾಗುತ್ತದೆ. ಹಬ್ಬಕ್ಕೆ ಸುಣ್ಣ ಹೊಡೆದವನು ನೀಲಿ ಪುಡಿ ಹೆಚ್ಚು ಹಾಕಿದ್ದಾನೆ ಎಂದುಕೊಂಡಿದ್ದೆ, ಈಗ ಅದರ ಮೇಲೂ ನಂಬಿಕೆಯಿಲ್ಲ. ನಮ್ಮ ಅಂಗಡಿಗೆ ಯಾರಾದರೂ ಏನಾದರೂ ಮಾಡಿಸಿದ್ದಾರೆಯೇ ಎಂದು ಕೂಡ ಒಂದು ಗಳಿಗೆ ಯೋಚಿಸಿದೆ. ನಗಬೇಡ.

ನಿನ್ನೆ ಬೆಳಗ್ಗೆ ಅವಳ ಹತ್ತು ಸೆಕೆಂಡು ತೆಗೆದು, ಹಿಡಿ ಮುಟ್ಟದೆ, ಇದ್ದದ್ದು ಇದ್ದ ಹಾಗೆ ಕಳಿಸಿದ್ದೇನೆ. ನಿಮ್ಮ ದುಂಡನೆಯ ಪರದೆಯಲ್ಲಿ ಹಾಕಿ, ತಪ್ಪು ಎಲ್ಲಿದೆ ನೀನೇ ಹುಡುಕು. ನಾನು ಗುರುವಾರ ಅರೇಹಳ್ಳಿಗೆ ಒಂದು ಮದುವೆಗೆ ಹೋಗಬೇಕು, ನಾಲ್ಕು ದಿನ ಅಲ್ಲೇ.

ಷಡಕ್ಷರಪ್ಪ


ಚೆನ್ನೈ
27-3-1999

ಅಪ್ಪಾಜಿ,

ಅಂಗಡಿಗೆ ಮೂರು ಸಲ ಫೋನ್ ಮಾಡಿದೆ, ಎತ್ತಲಿಲ್ಲ. ಅರೇಹಳ್ಳಿಯಿಂದ ಇನ್ನೂ ಬಂದಿಲ್ಲವೇನೋ. ಟೆಲಿಗ್ರಾಂ ಕೊಟ್ಟರೆ ಅಮ್ಮ ಒಡೆದು ನೋಡುವ ಮೊದಲೇ ಕುಸಿದು ಕೂರುತ್ತಾಳೆ. ಅದಕ್ಕೇ ಕೋರಿಯರ್. ಇದನ್ನು ಓದಿದ ತಕ್ಷಣ ಅಂಗಡಿ ಬಾಗಿಲು ಹಾಕಿ ಮನೆಗೆ ಹೋಗಿ. ಅಮ್ಮನನ್ನು ಅಂಗಳದ ಬಿಸಿಲಿಗೆ ಕರೆದು ಅವಳ ಕಣ್ಣಿನ ಬಿಳಿಯನ್ನು ನೋಡಿ. ಟಿವಿಯಲ್ಲಿ ಬೇಡ. ನಿಮ್ಮ ಕಣ್ಣಿನಿಂದ ನೋಡಿ.

ಯಾಕೆಂದು ಬರೆಯುತ್ತೇನೆ. ಕ್ಯಾಸೆಟ್ ಹಾಕಿ, ಕಲಿತ ಹಾಗೆ ಮೊದಲು ಬಿಳಿ ಹುಡುಕಿದೆ. ಗೋಡೆಯನ್ನು ನಂಬಲಿಲ್ಲ, ಸುಣ್ಣಕ್ಕೆ ನೀಲಿ ಹಾಕಿರುತ್ತಾರೆ. ಅಮ್ಮನ ಹಣೆಯ ವಿಭೂತಿ ಕಂಡಿತು. ವಿಭೂತಿಗೆ ಯಾರೂ ಏನೂ ಬೆರೆಸುವುದಿಲ್ಲ. ಅದನ್ನೇ ಬಿಳಿಯೆಂದು ಹಿಡಿದು ಪರದೆಯ ನಡುವೆ ಕೂರಿಸಿದೆ. ವಿಭೂತಿ ಬಿಳಿಯಾಯಿತು. ಗೋಡೆಯೂ ಬಿಳಿಯಾಯಿತು. ಹೊಸಿಲ ರಂಗೋಲಿಯೂ ಬಿಳಿಯಾಯಿತು. ಅಮ್ಮ ಮಾತ್ರ ಹಳದಿಯಾದಳು. ಅವಳ ಮುಖದ ಚುಕ್ಕೆ ಎಲ್ಲರೂ ಇರುವ ಆ ಗೆರೆ ಬಿಟ್ಟು ಪಕ್ಕಕ್ಕೆ ಹೋಗಿದೆ. ಕಣ್ಣಿನ ಬಿಳಿಯೂ ಹೋಗಿದೆ.

ಅರಿಶಿನ ಎಂದುಕೊಂಡೆ. ಆದರೆ ಅವಳು ಅರಿಶಿನ ಬಿಟ್ಟು ನಾಲ್ಕು ತಿಂಗಳಾಗಿದೆ, ಮೈ ಕೆರೆಯುತ್ತದೆಂದು. ಊಟ ಸೇರುತ್ತಿಲ್ಲ. ನನಗೆ ಬರೆದಿದ್ದಳು, ನಿಮಗೆ ಹೇಳಬೇಡ ಎಂದಿದ್ದಳು. ನಾನು ಓದಿ ಮಡಿಚಿಟ್ಟೆ, ಯಾಕೆಂದರೆ ನನ್ನ ತಲೆಯಲ್ಲೆಲ್ಲ ನಿಮ್ಮ ಕಣ್ಣೇ ತುಂಬಿತ್ತು. ನನ್ನದೂ ತಪ್ಪು ಅಪ್ಪಾಜಿ.

ನಿಮ್ಮ ಕ್ಯಾಸೆಟ್ಟುಗಳು ತಿಂಗಳು ತಿಂಗಳಿಗೂ ನೀಲಿಯಾಗುತ್ತ ಬಂದದ್ದು ಅಮ್ಮ ತಿಂಗಳು ತಿಂಗಳಿಗೂ ಹಳದಿಯಾಗುತ್ತ ಬಂದದ್ದಕ್ಕೆ. ನೀವು ಅವಳನ್ನು ಸರಿ ಮಾಡಿ ಊರನ್ನೆಲ್ಲ ನೀಲಿ ಮಾಡುತ್ತಿದ್ದಿರಿ. ಸರ್‌ಗೆ ತೋರಿಸಿದೆ. "ಹೆಂಗಸಿನ ಪಕ್ಕ ಹಲಗೆ ಯಾಕಿಡ್ತಾರೆ ಅಂತ ಅವತ್ತೇ ಹೇಳ್ಬೇಕಿತ್ತು ನಾನು" ಎಂದರು. ಇವತ್ತೇ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ.

ದ್ರಾಕ್ಷಾಯಣಿ


ಬೆಂಗಳೂರು
6-4-1999

ಮಗಳೇ,

ಆಸ್ಪತ್ರೆಯ ಬೆಂಚಿನ ಮೇಲೆ ಕೂತು ಬರೆಯುತ್ತಿದ್ದೇನೆ. ಫೋನಿನಲ್ಲಿ ಹೇಳಲಾಗದ್ದು ಇದು.

ನಿನ್ನ ಕಾಗದ ಹಿಡಿದು ಮನೆಗೆ ಹೋದಾಗ ಅವಳು ಅಕ್ಕಿ ಆರಿಸುತ್ತಿದ್ದಳು. ಅಂಗಳಕ್ಕೆ ಬಾ ಎಂದೆ. ಕ್ಯಾಮೆರಾ ಇರುತ್ತದೆಂದು ಸೆರಗು ಸರಿಮಾಡಿಕೊಂಡು, ಆ ಗೋಡೆಯ ಪಕ್ಕ ತನ್ನ ಜಾಗದಲ್ಲಿ ಹೋಗಿ ನಿಂತಳು. "ಎಲ್ರೀ ಕ್ಯಾಮೆರಾ?" ಎಂದಳು. ನಾನು ಅವಳ ಗಲ್ಲ ಹಿಡಿದು ಮೇಲೆತ್ತಿದೆ. "ಅಯ್ಯೋ, ಅನುಸೂಯಮ್ಮ ನೋಡ್ತಾಳೆ ಬಿಡ್ರೀ" ಎಂದಳು. ಅವಳ ಕಣ್ಣು ಹಳದಿ ಇತ್ತು ದ್ರಾಕ್ಷಾಯಣಿ. ಮಾಗಿದ ನಿಂಬೆಹಣ್ಣಿನ ಹಾಗೆ ಹಳದಿ. ಅದು ನಾಲ್ಕು ತಿಂಗಳು ನನ್ನ ಎದುರಿಗೇ ಓಡಾಡಿದೆ, ನನಗೆ ಅನ್ನ ಬಡಿಸಿದೆ. ಪ್ರತಿ ವಾರ ಅವಳ ಮುಖವನ್ನು ಟಿವಿಯಲ್ಲಿ ಗಂಟೆಗಟ್ಟಲೆ ನೋಡುತ್ತಿದ್ದೆ. ಅವಳನ್ನು ನೋಡಿರಲಿಲ್ಲ. ಕಣ್ಣು ಹೋಗುತ್ತದೆಂದು ಹೆದರಿ ಹೆಜ್ಜೆ ಎಣಿಸಿದವನು ನಾನು, ಕುರುಡನಾಗಿ ಆಗಲೇ ನಾಲ್ಕು ತಿಂಗಳಾಗಿತ್ತು.

ಪಿತ್ತ ಹರಿಯುವ ನಾಳದಲ್ಲಿ ಒಂದು ಗಂಟು ಕಟ್ಟಿದೆಯಂತೆ, ಕಾಮಾಲೆ, ಮೈ ಕೆರೆತ ಎಲ್ಲವೂ ಅದರಿಂದಲೇ ಅಂತೆ. ಸೋಮವಾರ ಆಪರೇಷನ್. ಎರಡು ತಿಂಗಳು ಮುಂಚೆ ಬಂದಿದ್ದರೆ ಚೆನ್ನಾಗಿತ್ತು, ಎರಡು ತಿಂಗಳು ತಡವಾಗಿದ್ದರೆ ಕೈ ಮೀರುತ್ತಿತ್ತು ಎಂದರು ಡಾಕ್ಟರು. ಎರಡೂ ಮಾತು ಕಿವಿಯಲ್ಲಿ ಸುತ್ತುತ್ತಿವೆ. ನೀನು ಭಾನುವಾರದೊಳಗೆ ಬಾ. ಅವಳು ಬಾಯಿಬಿಟ್ಟು ನಿನ್ನನ್ನು ಕೇಳುತ್ತಿಲ್ಲ, ಆದರೆ ಬಾಗಿಲ ಕಡೆಗೇ ನೋಡುತ್ತಾಳೆ.

ನಿಮ್ಮಪ್ಪ


ಅರಸೀಕೆರೆ
16-9-1999

ಮಗಳೇ,

ಇದರ ಜೊತೆ ಒಂದು ಕ್ಯಾಸೆಟ್ ಇದೆ. ಕಾಗದ ಓದಿ ಮುಗಿಸಿ ಆಮೇಲೆ ಅದನ್ನು ಹಾಕು.

ಹೋದ ತಿಂಗಳು ನೀನು ಬಂದು ಹೋದಾಗ ನೋಡಿದ ಹಾಗೇ ಇದ್ದಾಳೆ ನಿಮ್ಮಮ್ಮ. ಊಟ ಮಾಡುತ್ತಾಳೆ, ನನ್ನನ್ನು ಬೈಯುತ್ತಾಳೆ. ನೀನು ಕೊಟ್ಟ ಬೂದು ಹಲಗೆಯನ್ನೇ ಈಗ ಕ್ಯಾಸೆಟ್ಟಿನ ಮೊದಲಿಗೆ ಹಿಡಿಯುತ್ತೇನೆ. ಹಳೇಬೀಡಿಗೆ ಮತ್ತೆ ಹೋಗಿ ತೆಗೆದುಬಂದೆ, ಕಲ್ಲು ಕಲ್ಲಿನ ಹಾಗೇ ಬಂದಿದೆ, ಮಠದವರೂ ಒಪ್ಪಿದರು. ಅವಳನ್ನು ಏಪ್ರಿಲ್‌ನಿಂದ ಕ್ಯಾಮೆರಾ ಮುಂದೆ ನಿಲ್ಲಿಸಿರಲಿಲ್ಲ. ದಿನಾ ಬೆಳಗ್ಗೆ ಅಂಗಳಕ್ಕೆ ಕರೆದು ಕಣ್ಣು ನೋಡುವುದಷ್ಟೇ. ಬೆಳ್ಳಗಿದ್ದರೆ "ಹೂಂ" ಎಂದು ಹೇಳಿ ಅಂಗಡಿಗೆ ಹೋಗುವುದು.

ಡಾಕ್ಟರು ಹೇಳಿದ್ದು ನಿನಗೂ ಗೊತ್ತು. ಮತ್ತೆ ಹಳದಿ ಕಂಡರೆ ಗಂಟು ಮತ್ತೆ ಬಂತೆಂದೇ ಲೆಕ್ಕ, ಎರಡನೇ ಸಲ ಕೊಯ್ಯಲು ಆ ಮೈ ತಡೆಯುವುದಿಲ್ಲ.

ಇವತ್ತು ಬೆಳಗ್ಗೆ ಅವಳು ಬಚ್ಚಲಿಂದ ಬಂದು ತಾನಾಗಿಯೇ ಬಿಸಿಲಿಗೆ ನಿಂತಳು. ಕೆನ್ನೆ ಹಳದಿ ಇತ್ತು. ಚೆನ್ನಾಗಿ ಕಂಡೆ, ಭ್ರಮೆಯಲ್ಲ. ಕಣ್ಣು ನೋಡಬೇಕಿತ್ತು, ಧೈರ್ಯ ಬರಲಿಲ್ಲ. ಅವಳಿಗೆ ಗೊತ್ತಾಗಬಾರದೆಂದು ಒಳಗೆ ಹೋಗಿ ಕ್ಯಾಮೆರಾ ತಂದು, "ಯಾಕೋ ಒಂದ್ಸಲ ತೆಗೀಬೇಕು ಅನ್ನಿಸ್ತು ಕಣೇ, ನಿಂತ್ಕೋ" ಎಂದೆ. ಅವಳು ನಕ್ಕು ನಿಂತಳು.

ಹಲಗೆಯನ್ನು ಪಕ್ಕದಲ್ಲೇ ಇಟ್ಟಿದ್ದೇನೆ. ನೋಡಿ ಅಂಗಡಿಗೆ ಫೋನ್ ಮಾಡು. ಸೋಮವಾರದ ತನಕ ಫೋನಿನ ಪಕ್ಕದಿಂದ ಏಳುವುದಿಲ್ಲ. ನನ್ನ ಮನಸ್ಸಿಗೆ ಹಿತವಾಗಲೆಂದು ಏನನ್ನೂ ತಿದ್ದಬೇಡ. ತಿದ್ದಿ ತಿದ್ದಿಯೇ ನಾನು ಕೆಟ್ಟದ್ದು.

ನಿಮ್ಮಪ್ಪ


ಚೆನ್ನೈ
20-9-1999

ಅಪ್ಪಾಜಿ,

ಫೋನ್ ಬೂತಿನಲ್ಲಿ ನಾನು ಅಳುತ್ತಿದ್ದೆ, ಆ ಕಡೆ ನೀವೂ ಅಳುತ್ತಿದ್ದಿರಿ. ನಾನು ಏನು ಹೇಳಿದೆನೋ, ನೀವು ಏನು ಕೇಳಿಸಿಕೊಂಡಿರೋ. ಆದ್ದರಿಂದ ಪೂರ್ತಿ ಬರೆಯುತ್ತೇನೆ.

ಕ್ಯಾಸೆಟ್ಟನ್ನು ಡೆಕ್ಕಿಗೆ ಹಾಕಿ ಗುಂಡಿ ಒತ್ತಲಾಗದೆ ಕೂತಿದ್ದೆ. ಇಂದುಧರ ಸರ್ ಬಂದು ಪಕ್ಕದ ಕುರ್ಚಿ ಎಳೆದುಕೊಂಡು, "ಮೊದಲು ಕಪ್ಪು, ಆಮೇಲೆ ಬಿಳಿ. ನಡಿ" ಎಂದರು. ಹಲಗೆಯನ್ನು ನಡುವೆ ಕೂರಿಸಿದೆ. ವಿಭೂತಿ ತಾನಾಗಿಯೇ ನಡುವೆ ಬಂದು ಕೂತಿತು. ಕೆನ್ನೆ ನೋಡಿದೆ. ಹಳದಿ. ನೀವು ಹೇಳಿದ್ದು ನಿಜ, ಭ್ರಮೆಯಲ್ಲ. ನನ್ನ ಕೈ ಬಣ್ಣದ ಹಿಡಿಯ ಮೇಲೆಯೇ ನಿಂತುಬಿಟ್ಟಿತು. ಒಂದು ಕೂದಲೆಳೆಯಷ್ಟು ತಿರುಗಿಸಿದ್ದರೆ ಅವಳು ಮೊದಲಿನ ಹಾಗೇ ಆಗಿಬಿಡುತ್ತಿದ್ದಳು. ನೀವು ಹೇಗೆ ಮೋಸಹೋದಿರೆಂದು ಆಗ ಅರ್ಥವಾಯಿತು. ತಿರುಗಿಸಲಿಲ್ಲ.

"ಕುತ್ತಿಗೆ ನೋಡು" ಎಂದರು ಸರ್. ಕುತ್ತಿಗೆ ಗೆರೆಯ ಮೇಲಿದೆ. ಕಿವಿ ಗೆರೆಯ ಮೇಲಿದೆ. ಸೆರಗು ಹಿಡಿದ ಬೆರಳುಗಳು ಗೆರೆಯ ಮೇಲಿವೆ. ಹಳದಿ ಗದ್ದದ ಕೆಳಗೆ ಒಂದು ಅಂಚು ಮಾಡಿ ನಿಂತುಬಿಟ್ಟಿದೆ. ಕಣ್ಣಿನ ಬಿಳಿಯನ್ನು ಒಂದೊಂದೇ ಚಿತ್ರ ನಿಲ್ಲಿಸಿ ನೋಡಿದೆವು. ಬಿಳಿ, ಅಪ್ಪಾಜಿ. ಹಲಗೆಯ ಪಕ್ಕ ಇಟ್ಟು ಮೂರು ಸಲ ನೋಡಿದೆವು. ಎರಡೂ ಕಣ್ಣು ಬಿಳಿ.

ಅಮ್ಮ ಅರಿಶಿನ ಹಚ್ಚಿಕೊಂಡಿದ್ದಾಳೆ. ಮೈ ಕೆರೆತ ಹೋಗಿರಬೇಕು. ಹತ್ತು ತಿಂಗಳ ಮೇಲೆ ಮೊದಲ ಸಲ ಹಚ್ಚಿಕೊಂಡು, ನೀವು ನೋಡಲಿ ಎಂದು ಬಿಸಿಲಿಗೆ ಬಂದು ನಿಂತಿದ್ದಾಳೆ. ನೀವು ಕ್ಯಾಮೆರಾ ತಂದಾಗ ಅವಳು ನಕ್ಕದ್ದು ಅದಕ್ಕೆ.

ನನ್ನ ಹೆದರಿಕೆ ಹೋಗಿದೆ ಎಂದು ಸುಳ್ಳು ಹೇಳುವುದಿಲ್ಲ. ಮುಂದಿನ ತಿಂಗಳೂ ಹೆದರುತ್ತೇನೆ, ಅದರಾಚೆಯ ತಿಂಗಳೂ ಹೆದರುತ್ತೇನೆ. ಆದರೆ ಕ್ಯಾಸೆಟ್ ಇನ್ನು ಕಳಿಸಬೇಡಿ. ಈ ಕಾಗದ ಮುಟ್ಟಿದ ದಿನ ಕ್ಯಾಮೆರಾ ಒಳಗಿಟ್ಟು, ಅಂಗಳಕ್ಕೆ ಹೋಗಿ ಅವಳ ಮುಖ ನೋಡಿ. ಅರಿಶಿನ ಚೆನ್ನಾಗಿ ಕಾಣುತ್ತದೆ ಎಂದು ಹೇಳಿ. ನಾಲ್ಕು ದಿನದಿಂದ ಕಾದಿದ್ದಾಳೆ.

ನಿಮ್ಮ ಮಗಳು,
ದ್ರಾಕ್ಷಾಯಣಿ